ಯಾರನ್ನೂ ಮರೆಯದ ಪಟ್ಟಿ: ಸಭೆಯ ಸೇವಾಕಾರ್ಯಕ್ಕೆ ಆನ್‌ಲೈನ್ ಸಾಧನಗಳನ್ನು ಬಳಸುವುದು ಹೇಗೆ

“ಗುರುವಾರ ಸಂಜೆ ಬರುತ್ತೇನೆ ಅಜ್ಜಿ” ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದೆ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ನಿಟುವಳ್ಳಿಯ ಮಗಳ ಮನೆಗೆ ಬಂದು ಅವರಿಗೆ ಮೂರು ದಿನವಾಗಿತ್ತು. ಕೊಟ್ಟ ಮಾತನ್ನು ಆರಾಧನಾ ಕ್ರಮದ ಹಾಳೆಯ ಹಿಂಬದಿಯಲ್ಲಿ ಬರೆದು, ಹಾಳೆಯನ್ನು ಬೈಬಲ್‌ನೊಳಗೆ ಸೇರಿಸಿ, ಬೈಬಲನ್ನು ಚೀಲದಲ್ಲಿಟ್ಟೆ. ಗುರುವಾರ ಶಾಲೆಯಲ್ಲಿ ಪೋಷಕರ ಸಭೆ ತಡವಾಯಿತು, ನೇರ ಮನೆಗೆ ಬಂದುಬಿಟ್ಟೆ. ಆ ಹಾಳೆ ಮತ್ತೆ ಕೈಗೆ ಸಿಕ್ಕಿದ್ದು ಭಾನುವಾರ ಬೈಬಲ್ ತೆರೆದಾಗ. ಆರಾಧನೆ ಮುಗಿದ ಮೇಲೆ ಅಜ್ಜಿಯ ಮಗಳು ಬಾಗಿಲಲ್ಲಿ ಸಿಕ್ಕಿ, “ಪರವಾಗಿಲ್ಲ ಅಕ್ಕಾ. ಅಮ್ಮ ಎಂಟು ಗಂಟೆಯವರೆಗೂ ಚಾಪೆ ಹಾಸಿಸಿಕೊಂಡು, ಕನ್ನಡಕ ಒರೆಸಿಕೊಂಡು ಕುಳಿತಿದ್ದರು. ಆಮೇಲೆ ಮಲಗಿದರು” ಎಂದರು.

ಅಜ್ಜಿಯ ಮೇಲೆ ನನಗೆ ಪ್ರೀತಿ ಕಡಿಮೆ ಇರಲಿಲ್ಲ. ಆದರೆ ಚಾಪೆಯ ಮೇಲೆ ಕಾಯುತ್ತ ಕುಳಿತವರಿಗೆ ಅದು ಹೇಗೆ ತಿಳಿಯಬೇಕು? ಕ್ರೈಸ್ತ ಸಭೆಯ ಕೆಲಸದಲ್ಲಿ ಒಂದು ಸಾಲು ತಪ್ಪಿಹೋಯಿತೆಂದರೆ ಒಬ್ಬ ಮನುಷ್ಯರು ತಪ್ಪಿಹೋದರು ಎಂದೇ ಅರ್ಥ. ಆ ವಾರದಿಂದ ನಾನು ಹಾಳೆಗಳನ್ನು ಬಿಟ್ಟು ಮೊಬೈಲಿನ ಕಾರ್ಯಪಟ್ಟಿಗೆ ಬಂದೆ. ದಾವಣಗೆರೆಯ ನಮ್ಮದು ಮಧ್ಯಮ ಗಾತ್ರದ ಸಭೆ. ಒಬ್ಬರು ಸಭಾಪಾಲಕರು (ನಾವೆಲ್ಲ ಅವರನ್ನು ಅಯ್ಯನವರು ಎನ್ನುತ್ತೇವೆ), ಕೆಲವು ಹಿರಿಯರು, ಭಾನುವಾರ ಶಾಲೆಯ ಶಿಕ್ಷಕಿಯರು, ಸ್ತ್ರೀಯರ ಕೂಟ, ಯುವಜನ ಕೂಟ ಇದ್ದೇವೆ. ಹರಿಹರ, ಮಲೇಬೆನ್ನೂರು, ಜಗಳೂರು ಕಡೆಯ ಹಳ್ಳಿಗಳಲ್ಲಿ ಚದುರಿದ ಕುಟುಂಬಗಳೂ ಇವೆ. ಹಗಲು ಪಾಠ ಮಾಡಿ, ಸಂಜೆ ಈ ಸಭೆಯ ಕಾರ್ಯದರ್ಶಿಯ ಕೆಲಸ ನೋಡುವ ನನಗೆ ಉಪಯೋಗಕ್ಕೆ ಬಂದ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಮಠದ ದಾಸೋಹವನ್ನೋ ವಿದ್ಯಾರ್ಥಿನಿಲಯವನ್ನೋ ನೋಡಿಕೊಳ್ಳುವವರಿಗೂ ಇದರ ಬಹುಪಾಲು ಹೊಂದುತ್ತದೆ.

ಹಂತ 1: ಮೊದಲ ವಾರ ಬರೆಯುವುದಷ್ಟೇ

ಆ್ಯಪ್ ಇಳಿಸಿಕೊಳ್ಳುವ ಆತುರ ಬೇಡ. ಒಂದು ಚಿಕ್ಕ ನೋಟ್‌ಬುಕ್ ಹಿಡಿದು, ಭಾನುವಾರದಿಂದ ಶನಿವಾರದವರೆಗೆ ನಿಮ್ಮ ಹತ್ತಿರ ಬರುವ ಪ್ರತಿಯೊಂದು ಕೆಲಸವನ್ನೂ ಬರೆದುಕೊಳ್ಳಿ. ಪಕ್ಕದಲ್ಲಿ, ಅದು ಎಲ್ಲಿಂದ ಬಂತು ಎಂಬುದನ್ನೂ ಗುರುತು ಹಾಕಿ. ನಾನು ಹಾಗೆ ಬರೆದಾಗ ತಿಳಿದದ್ದು ಇದು: ಅತಿ ಹೆಚ್ಚು ಕೆಲಸಗಳು ಬಂದದ್ದು ಕಮಿಟಿ ಸಭೆಯಿಂದಲ್ಲ, ಆರಾಧನೆ ಮುಗಿದು ಜನ ಚಪ್ಪಲಿ ಹುಡುಕುವ ಹತ್ತು ನಿಮಿಷದಲ್ಲಿ. “ಅಕ್ಕಾ, ಮಗನಿಗೆ ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕಿತ್ತು.” “ಅಮ್ಮಾ, ನಮ್ಮ ಬೀದಿಯಲ್ಲಿ ಮನೆ ಪ್ರಾರ್ಥನಾ ಕೂಟ ಯಾವಾಗ?” “ಅಯ್ಯನವರಿಗೆ ಹೇಳಿ, ನಮ್ಮ ಮಾವನವರಿಗೆ ತೀರಾ ಹುಷಾರಿಲ್ಲ.” ಎರಡನೆಯ ದಾರಿ ವಾಟ್ಸ್‌ಆ್ಯಪ್. ಮೂರನೆಯದು ಗಾಡಿ ಓಡಿಸುವಾಗ ಬರುವ ಫೋನ್ ಕರೆಗಳು, ಅವೇ ಹೆಚ್ಚು ಕಳೆದುಹೋಗುತ್ತವೆ.

ನಿಮ್ಮಲ್ಲಿ ಕೆಲಸ ಯಾವ ಬಾಗಿಲಿನಿಂದ ಬರುತ್ತದೆ ಎಂದು ಗೊತ್ತಾದರೆ, ಪಟ್ಟಿಯನ್ನು ಆ ಬಾಗಿಲಿನ ಬಳಿಯೇ ಇಡಬಹುದು. ನಾನು ಈಗ ಆರಾಧನೆ ಮುಗಿದ ಕೂಡಲೇ ಮೊಬೈಲ್ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬರುತ್ತೇನೆ. ಯಾರಾದರೂ ಹೇಳಿದರೆ “ಒಂದು ನಿಮಿಷ, ಬರೆದುಕೊಳ್ಳುತ್ತೇನೆ” ಎಂದು ಅವರ ಎದುರಿಗೇ ಬರೆಯುತ್ತೇನೆ. ಹೇಳಿದವರಿಗೂ ಅದರಿಂದ ಸಮಾಧಾನ.

ಹಂತ 2: ಸಾಧನ ಆರಿಸಿಕೊಳ್ಳುವುದು

ಇಲ್ಲಿ ತುಂಬಾ ಜನ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ನಾಲ್ಕು ಅಗತ್ಯಗಳಿವೆ ಎಂದುಕೊಳ್ಳಿ: ನನ್ನೊಬ್ಬಳ ಕೆಲಸಗಳು, ದಿನಾಂಕ ಇರುವ ಕಾರ್ಯಕ್ರಮಗಳು, ತಂಡ ಸೇರಿ ಮಾಡುವ ಕೆಲಸಗಳು, ಕುಟುಂಬಗಳ ಭೇಟಿಯ ದಾಖಲೆ.

ಒಬ್ಬರೇ ನೋಡುವ ಪಟ್ಟಿಗೆ ಗೂಗಲ್ ಟಾಸ್ಕ್ಸ್ ಸಾಕು. ಹಣ ಕೊಡಬೇಕಿಲ್ಲ, ಪ್ರತಿ ವಾರ ಅಥವಾ ಪ್ರತಿ ತಿಂಗಳು ಮರುಕಳಿಸುವಂತೆ ಕೆಲಸ ಇಡಬಹುದು, ದಿನಾಂಕ ಹಾಕಿದ್ದೆಲ್ಲ ಗೂಗಲ್ ಕ್ಯಾಲೆಂಡರ್‌ನಲ್ಲಿ ತಾನಾಗಿಯೇ ಕಾಣಿಸುತ್ತದೆ. ಅದರ ಕೊರತೆ, ನಿಮ್ಮ ಸ್ವಂತ ಪಟ್ಟಿಯನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಬರುವುದಿಲ್ಲ. ಹಂಚಿಕೊಳ್ಳಲೇಬೇಕಾದರೆ ಮೈಕ್ರೋಸಾಫ್ಟ್ ಟು ಡು ಇದೆ, ಅದೂ ಉಚಿತ. ಸುಗ್ಗಿ ಹಬ್ಬದ ಊಟಕ್ಕೆ ತರಬೇಕಾದ ದಿನಸಿಯಂಥ ಚಿಕ್ಕ ಪಟ್ಟಿಗಳಿಗೆ ಗೂಗಲ್ ಕೀಪ್ ಬಹಳ ಚೆನ್ನಾಗಿದೆ. ಇಬ್ಬರು ಎರಡು ಅಂಗಡಿಯಲ್ಲಿ ನಿಂತು ಒಂದೇ ಪಟ್ಟಿಗೆ ಟಿಕ್ ಹಾಕುತ್ತ ಹೋಗಬಹುದು. ಟೊಡೊಯಿಸ್ಟ್ ಬಲವಾದ ಸಾಧನ, ಆದರೆ ಉಚಿತ ಖಾತೆಯಲ್ಲಿ ಯೋಜನೆಗಳ ಸಂಖ್ಯೆಗೆ ಮಿತಿ ಇದೆ. ನನಗೆ ಅದರ ಅಗತ್ಯ ಬೀಳಲಿಲ್ಲ.

ತಂಡದ ಕೆಲಸಕ್ಕೆ ಟ್ರೆಲೊ. 2011ರಲ್ಲಿ ಬಂದ ಈ ಸಾಧನ 2017ರಿಂದ ಅಟ್ಲಾಸಿಯನ್ ಕಂಪನಿಯ ಕೈಯಲ್ಲಿದೆ. ಗೋಡೆಯ ಹಲಗೆಗೆ ಚೀಟಿ ಅಂಟಿಸಿ ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಸಿದ ಹಾಗೆ ಅದರ ರೀತಿ. ಉಚಿತ ಖಾತೆಯಲ್ಲಿ ಒಂದು ಕಾರ್ಯಕ್ಷೇತ್ರಕ್ಕೆ (ವರ್ಕ್‌ಸ್ಪೇಸ್) 10 ಜನರವರೆಗೆ ಸೇರಿಸಬಹುದು. ನಮ್ಮಂಥ ಸಭೆಯ ತಂಡಕ್ಕೆ ಅದು ಧಾರಾಳ.

ವಾಟ್ಸ್‌ಆ್ಯಪ್ ಗುಂಪೇ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸುದ್ದಿ ತಿಳಿಸಲು ಸಾಕು, ಕೆಲಸ ಹಿಡಿದಿಡಲು ಸಾಲದು. ಬೆಳಿಗ್ಗೆ ಬಂದ “ಕುರ್ಚಿ ಎಷ್ಟು ಹೇಳಬೇಕು?” ಎಂಬ ಪ್ರಶ್ನೆ ಮಧ್ಯಾಹ್ನದೊಳಗೆ ಐವತ್ತು ಶುಭೋದಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೆಲಸವನ್ನು ಕೂಡಲೇ ನಿಮಗೆ ನೀವೇ ಸಂದೇಶ ಕಳುಹಿಸಿಕೊಳ್ಳುವ ಕಿಟಕಿಗೆ ಫಾರ್ವರ್ಡ್ ಮಾಡಿ. ರಾತ್ರಿ ಮಲಗುವ ಮುನ್ನ ಆ ಕಿಟಕಿ ತೆರೆದು, ಒಂದೊಂದನ್ನೇ ಪಟ್ಟಿಗೆ ಏರಿಸಿ ಅಳಿಸಿಬಿಡಿ.

ಇನ್ನೊಂದು ಮಾತು. ವಂಡರ್‌ಲಿಸ್ಟ್ ಎಂಬ ಜನಪ್ರಿಯ ಆ್ಯಪ್ ಇತ್ತು. ಮೈಕ್ರೋಸಾಫ್ಟ್ ಅದನ್ನು ಕೊಂಡು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಯಾವ ಸಾಧನವೂ ಶಾಶ್ವತವಲ್ಲ. ಕುಟುಂಬಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮುದ್ರಿಸಿ ಸಭೆಯ ಕಪಾಟಿನಲ್ಲಿ ಬೀಗ ಹಾಕಿ ಇಡಿ.

ಹಂತ 3: ಖಾತೆ ಸಭೆಯ ಹೆಸರಿನಲ್ಲಿರಲಿ

ನನ್ನ ಸ್ವಂತ ಜಿಮೇಲ್‌ನಲ್ಲಿ ಎಲ್ಲವನ್ನೂ ಇಟ್ಟುಕೊಂಡರೆ, ನಾಳೆ ನನಗೆ ವರ್ಗವಾದರೆ ಸಭೆಯ ನೆನಪೆಲ್ಲ ನನ್ನ ಜೊತೆ ಬಸ್ ಹತ್ತುತ್ತದೆ. ಸಭಾಪಾಲಕರಿಗಂತೂ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇದ್ದೇ ಇರುತ್ತದೆ. ಆದ್ದರಿಂದ ಸಭೆಗೆಂದೇ ಒಂದು ಹೊಸ ಖಾತೆ ತೆರೆಯಿರಿ. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಮರುಪಡೆಯುವ ಮೊಬೈಲ್ ಸಂಖ್ಯೆ ಕಾರ್ಯದರ್ಶಿಯದು, ಮರುಪಡೆಯುವ ಇಮೇಲ್ ಖಜಾಂಚಿಯದು ಎಂದು ಇಬ್ಬರಿಗೆ ಹಂಚಿ. ಪಾಸ್‌ವರ್ಡನ್ನು ಬರೆದು ಲಕೋಟೆಯಲ್ಲಿ ಮುಚ್ಚಿ, ದೀಕ್ಷಾಸ್ನಾನದ ರಿಜಿಸ್ಟರ್ ಇಡುವ ಕಪಾಟಿನಲ್ಲಿಯೇ ಇಡಿ.

ಕನ್ನಡದಲ್ಲಿಯೇ ಬರೆಯಿರಿ. ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿಕೊಂಡರೆ ಮೈಕ್ ಒತ್ತಿ ಮಾತಾಡಿಯೂ ಬರೆಸಬಹುದು. ಊರು ಮತ್ತು ಜನರ ಹೆಸರುಗಳನ್ನು ಅದು ಆಗಾಗ ತಪ್ಪು ಬರೆಯುತ್ತದೆ, ಒಮ್ಮೆ ಓದಿ ತಿದ್ದಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿಟ್ಟರೆ ಆರು ತಿಂಗಳ ನಂತರ ಹುಡುಕಲು ಹೋದಾಗ ಒಂದೇ ಹೆಸರು ನಾಲ್ಕು ಬಗೆಯಲ್ಲಿ ಇರುತ್ತದೆ, ಯಾವುದೂ ಸಿಗುವುದಿಲ್ಲ.

ಹಂತ 4: ಒಂದು ಸಾಲನ್ನು ಹೇಗೆ ಬರೆಯಬೇಕು

ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಸಾಧನ ಎಷ್ಟು ಒಳ್ಳೆಯದಾದರೂ ಬರೆದ ಸಾಲು ಮಸುಕಾಗಿದ್ದರೆ ಕೆಲಸ ನಡೆಯುವುದಿಲ್ಲ. ನನ್ನ ಹಳೆಯ ಪಟ್ಟಿಯಲ್ಲಿ “ಯುವಜನರು” ಎಂದು ಒಂದು ಸಾಲು ಇತ್ತು. ಮೂರು ತಿಂಗಳು ಅಲ್ಲೇ ಕುಳಿತಿತ್ತು. ಪ್ರತಿದಿನ ಅದನ್ನು ನೋಡುತ್ತಿದ್ದೆ, ಏನು ಮಾಡಬೇಕೆಂದು ತೋಚದೆ ಕೆಳಗಿನ ಸಾಲಿಗೆ ಹೋಗುತ್ತಿದ್ದೆ. ಯುವಜನರ ಬಗ್ಗೆ ಏನು? ಕೊನೆಗೆ ಕುಳಿತು ಯೋಚಿಸಿದಾಗ ಅದು ಹೀಗಾಯಿತು: “ಯುವಜನ ಕೂಟದ ಮುಖಂಡನಿಗೆ ಫೋನ್ ಮಾಡಿ, ಎಸ್‌ಎಸ್‌ಎಲ್‌ಸಿ ಬರೆಯುವ ಮಕ್ಕಳ ಹೆಸರುಗಳನ್ನು ಕೇಳುವುದು, ಬುಧವಾರದೊಳಗೆ.” ಬರೆದ ಮರುದಿನವೇ ಮುಗಿಯಿತು.

ಸಾಲಿನಲ್ಲಿ ಮೂರು ಸಂಗತಿ ಇರಬೇಕು: ಯಾರಿಗೆ, ಏನು ಮಾಡುವುದು, ಯಾವಾಗ. ಸಾಲು ಕ್ರಿಯಾಪದದಲ್ಲಿ ಮುಗಿಯಬೇಕು. “ಆಸ್ಪತ್ರೆ” ಎಂದರೆ ಏನೂ ಹೇಳಿದಂತಾಗಲಿಲ್ಲ. “ಚಿಗಟೇರಿ ಆಸ್ಪತ್ರೆಯಲ್ಲಿರುವ ಅಣ್ಣನವರನ್ನು ಮಂಗಳವಾರ ಸಂಜೆ ಭೇಟಿಯ ಸಮಯದಲ್ಲಿ ನೋಡುವುದು, ಎಳನೀರು ಒಯ್ಯುವುದು” ಎಂದರೆ ಕಾಲು ತಾನಾಗಿಯೇ ಆ ಕಡೆ ನಡೆಯುತ್ತದೆ. ದೊಡ್ಡ ಕೆಲಸವಾದರೆ ಅದರ ಮುಂದಿನ ಒಂದೇ ಒಂದು ಚಿಕ್ಕ ಹೆಜ್ಜೆಯನ್ನು ಬರೆಯಿರಿ. “ಸಭಾಭವನದ ಛಾವಣಿ ದುರಸ್ತಿ” ಎಂಬುದು ಪಟ್ಟಿಯಲ್ಲಿ ಇರಬಾರದು. “ಸೆಂಟ್ರಿಂಗ್ ಮೇಸ್ತ್ರಿಯನ್ನು ಶನಿವಾರ ಕರೆಸಿ ಛಾವಣಿ ತೋರಿಸುವುದು” ಇರಬೇಕು.

ಗೂಗಲ್ ಟಾಸ್ಕ್ಸ್‌ನಲ್ಲಿ ನಾನು ಮಾಡಿಕೊಂಡಿರುವುದು ನಾಲ್ಕೇ ಪಟ್ಟಿ: ಜನ, ಆರಾಧನೆ, ಕಚೇರಿ, ಕಾಯುತ್ತಿರುವುದು. ಕೊನೆಯದು ಬೇರೆಯವರಿಂದ ಉತ್ತರ ಬರಬೇಕಾದ ಸಂಗತಿಗಳಿಗೆ. ಯಾರಿಗಾದರೂ ಕೆಲಸ ಹೇಳಿದರೆ ನನ್ನ ಜವಾಬ್ದಾರಿ ತೀರಿತು ಎಂದುಕೊಳ್ಳುತ್ತಿದ್ದ ಕಾಲವಿತ್ತು. ಈಗ ಹೇಳಿದ ದಿನಾಂಕವನ್ನು ಬರೆದು ಈ ಪಟ್ಟಿಗೆ ಹಾಕುತ್ತೇನೆ, ವಾರದ ನಂತರ ಮೃದುವಾಗಿ ಕೇಳುತ್ತೇನೆ.

ಹಂತ 5: ವರ್ಷದ ಕ್ಯಾಲೆಂಡರ್

ಸಭೆಯ ಖಾತೆಯಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು ಮೂರು ಬಣ್ಣದ ಮೂರು ಕ್ಯಾಲೆಂಡರ್ ಮಾಡಿ: ಆರಾಧನೆ ಮತ್ತು ಹಬ್ಬಗಳು, ಕೂಟಗಳು, ಕಚೇರಿ. ಹಂಚಿಕೆಯ ವ್ಯವಸ್ಥೆಯನ್ನು ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳುವುದು ಸುಲಭ. ಅಯ್ಯನವರಿಗೆ ಮತ್ತು ಕಾರ್ಯದರ್ಶಿಗೆ ತಿದ್ದುವ ಅಧಿಕಾರ, ಉಳಿದವರಿಗೆ ನೋಡುವ ಅಧಿಕಾರ ಮಾತ್ರ ಕೊಡಿ. ಎಲ್ಲರಿಗೂ ತಿದ್ದುವ ಅಧಿಕಾರ ಕೊಟ್ಟರೆ ಯಾರದೋ ಬೆರಳು ತಗುಲಿ ಸ್ತ್ರೀಯರ ಕೂಟ ಮಧ್ಯರಾತ್ರಿಗೆ ಹೋಗಿರುತ್ತದೆ.

ತಿಂಗಳ ಮೊದಲ ಭಾನುವಾರದ ಕರ್ತನ ಭೋಜನದಂಥವನ್ನು ಒಮ್ಮೆ ಇಟ್ಟು ಮರುಕಳಿಸುವಂತೆ ಮಾಡಿದರೆ ಸಾಕು. ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25. ಆದರೆ ಈಸ್ಟರ್ ಹಾಗಲ್ಲ, ಇಲ್ಲಿ ಎಚ್ಚರ ಬೇಕು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್, ಆದ್ದರಿಂದ ದಿನಾಂಕ ಓಡಾಡುತ್ತದೆ. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಅದರ ಬೆನ್ನಿಗೆ ಬೂದಿ ಬುಧವಾರ, ಶುಭ ಶುಕ್ರವಾರ, ಪೆಂತೆಕೋಸ್ತ್ ಎಲ್ಲವೂ ಸರಿಯುತ್ತವೆ. 2027ರಲ್ಲಿ ಬೂದಿ ಬುಧವಾರ ಫೆಬ್ರುವರಿ 10ಕ್ಕೇ ಬಂದುಬಿಡುತ್ತದೆ. ಇವನ್ನು ವಾರ್ಷಿಕವಾಗಿ ಮರುಕಳಿಸುವಂತೆ ಇಟ್ಟರೆ ತಪ್ಪು ದಿನದಲ್ಲಿ ಕುಳಿತುಕೊಳ್ಳುತ್ತವೆ. ಪ್ರತಿ ವರ್ಷ ಕೈಯಿಂದಲೇ ಬರೆಯಬೇಕು. ನಾನು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ವಾರದಲ್ಲಿ ಕುಳಿತು ಮುಂದಿನ ಇಡೀ ವರ್ಷದ ದಿನಾಂಕಗಳನ್ನು ಹಾಕಿ ಮುಗಿಸುತ್ತೇನೆ.

ಹಬ್ಬಗಳ ಜೊತೆಗೆ ನಮ್ಮ ನೆಲದ ಕಾಲವನ್ನೂ ಅದೇ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಇದನ್ನು ಯಾವ ಆ್ಯಪ್ ಕೂಡ ನಿಮಗೆ ಹೇಳಿಕೊಡುವುದಿಲ್ಲ. ಜಗಳೂರು ಕಡೆ ಮೆಕ್ಕೆಜೋಳ ಮುರಿಯುವ ಅಕ್ಟೋಬರ್, ನವೆಂಬರ್‌ನಲ್ಲಿ ಸಂಜೆ ಆರಕ್ಕೆ ಮನೆ ಪ್ರಾರ್ಥನಾ ಕೂಟ ಇಟ್ಟರೆ ಬರುವವರು ಯಾರು? ಭದ್ರಾ ನಾಲೆಯ ನೀರು ಹರಿಯುವ ಮಲೇಬೆನ್ನೂರು ಸುತ್ತಿನಲ್ಲಿ ಭತ್ತದ ನಾಟಿಯ ದಿನಗಳು ಬೇರೆಯೇ. ಮಾರ್ಚ್, ಏಪ್ರಿಲ್ ಎಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮತ್ತು ಈಸ್ಟರ್‌ಗೆ ಮುಂಚಿನ ಉಪವಾಸದ ಲೆಂಟ್ ಕಾಲ ಒಟ್ಟೊಟ್ಟಿಗೆ ಬರುತ್ತವೆ, ಗಾಯನ ತಂಡದ ಮಕ್ಕಳು ಅಭ್ಯಾಸಕ್ಕೆ ಸಿಗುವುದಿಲ್ಲ. ಬಿತ್ತನೆ, ನಾಟಿ, ಕಟಾವು, ಪರೀಕ್ಷೆ ಇವನ್ನೆಲ್ಲ ತಿಳಿ ಬಣ್ಣದಲ್ಲಿ ಹಾಕಿಟ್ಟ ಮೇಲೆ ನಮ್ಮ ಕೂಟಗಳ ವೇಳೆಯೇ ಬದಲಾಯಿತು.

ಹಳ್ಳಿಗೆ ಹೋಗುವ ಮುನ್ನ ಆ ದಿನದ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದಾರಿಯಲ್ಲಿ ನೆಟ್‌ವರ್ಕ್ ಇರುತ್ತದೆ ಎಂದು ನಂಬಿ ಹೊರಡಬೇಡಿ.

ಹಂತ 6: ಭೇಟಿಯ ದಾಖಲೆ

ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ತೆರೆಯಿರಿ. ಕಾಲಂಗಳು ಐದೇ ಇರಲಿ: ಕುಟುಂಬ, ಬಡಾವಣೆ ಅಥವಾ ಊರು, ಕೊನೆಯ ಭೇಟಿಯ ದಿನಾಂಕ, ಭೇಟಿ ಮಾಡಿದವರು, ಮುಂದೆ ಏನು. ಮೊದಲ ಸಾಲಿಗೆ ಫಿಲ್ಟರ್ ಹಾಕಿ. ದಿನಾಂಕವನ್ನು ಎಲ್ಲರೂ ಒಂದೇ ರೀತಿಯಲ್ಲಿ, ದಿನ, ತಿಂಗಳು, ವರ್ಷ ಎಂದೇ ಬರೆಯಬೇಕು, ಇಲ್ಲವಾದರೆ ವಿಂಗಡಣೆ ಕೆಡುತ್ತದೆ.

ಈಗ ಕೊನೆಯ ಭೇಟಿಯ ಕಾಲಂ ಅನ್ನು ಹಳೆಯ ದಿನಾಂಕ ಮೇಲೆ ಬರುವಂತೆ ವಿಂಗಡಿಸಿ. ನಾವು ಇದನ್ನು ಮೊದಲ ಸಲ ಮಾಡಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಕಚೇರಿಯ ಕೋಣೆಯಲ್ಲಿ ಅಯ್ಯನವರು, ನಾನು, ಇಬ್ಬರು ಹಿರಿಯರು ಇದ್ದೆವು. ಪಟ್ಟಿ ತಿರುಗಿತು. ಮೇಲೆ ಬಂದು ನಿಂತ ಏಳು ಕುಟುಂಬಗಳ ಎದುರು ಒಂದು ವರ್ಷಕ್ಕಿಂತ ಹಳೆಯ ದಿನಾಂಕಗಳಿದ್ದವು. ಎಲ್ಲವೂ ಸದ್ದಿಲ್ಲದ ಮನೆಗಳು. ಜಗಳ ಇಲ್ಲ, ಬೇಡಿಕೆ ಇಲ್ಲ, ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕಾಣಿಕೆ ಹಾಕಿ ಹೋಗುವವರು. ಕೆಳಗೆ ನೋಡಿದರೆ ಪಿ.ಜೆ. ಬಡಾವಣೆಯ ಕೆಲವು ಮನೆಗಳಿಗೆ ಒಂದೇ ತಿಂಗಳಲ್ಲಿ ಮೂರು ಸಲ ಹೋಗಿದ್ದೆವು. ಅಯ್ಯನವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ “ಮೇಲಿನ ಎರಡು ಮನೆಗೆ ನಾಳೆಯೇ ಹೋಗೋಣ” ಎಂದರು.

ಈ ಹಾಳೆಯನ್ನು ಬಡಾವಣೆಯಂತೆ ಫಿಲ್ಟರ್ ಮಾಡಲೂ ಬರುತ್ತದೆ. ಹರಿಹರಕ್ಕೆ ಬೇರೆ ಕೆಲಸದ ಮೇಲೆ ಹೊರಟರೆ, ಹರಿಹರ ಎಂದು ಆರಿಸಿದ ಕೂಡಲೇ ಅಲ್ಲಿಯ ಮನೆಗಳೆಲ್ಲ ಕಾಣುತ್ತವೆ. ಹದಿನಾಲ್ಕು ಕಿಲೋಮೀಟರ್ ಹೋಗಿ ಒಂದೇ ಮನೆ ನೋಡಿ ಬರುವ ಬದಲು ಮೂರು ಮನೆ ನೋಡಬಹುದು.

ಹಂತ 7: ತಂಡದ ಬೋರ್ಡ್

ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯವನ್ನು ಈ ಕೆಲಸ ಹಿಡಿದ ಮೇಲೆ ನಾನು ಬೇರೆ ಕಣ್ಣಿನಿಂದ ಓದುತ್ತೇನೆ. ಯೆರೂಸಲೇಮಿನ ಆ ಮೊದಲ ಸಭೆಯಲ್ಲಿ ಎದ್ದ ಗುಣುಗುಣು ಯಾವುದರ ಬಗ್ಗೆ? ಗ್ರೀಕ್ ಮಾತಾಡುವ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದಾರೆ ಎಂದು. ಅಪೊಸ್ತಲರು ಸ್ತೆಫನ, ಫಿಲಿಪ್ಪ ಮೊದಲಾದ ಏಳು ಜನರನ್ನು ಆರಿಸಿಸಿ, ಆ ಕೆಲಸವನ್ನು ಹೆಸರು ಹಿಡಿದು ಅವರಿಗೆ ಒಪ್ಪಿಸಿದರು. ತಂಡದ ಬೋರ್ಡಿನಲ್ಲಿ ನಾವು ಮಾಡುವುದೂ ಅದನ್ನೇ.

ಟ್ರೆಲೊದಲ್ಲಿ ಐದು ಸಾಲು ಇಡಿ: ಬಂದದ್ದು, ಈ ವಾರ, ನಡೆಯುತ್ತಿದೆ, ಕಾಯುತ್ತಿದ್ದೇವೆ, ಮುಗಿಯಿತು. ಪ್ರತಿ ಕಾರ್ಡಿಗೆ, ಅಂದರೆ ಒಂದು ಕೆಲಸದ ಚೀಟಿಗೆ, ಒಬ್ಬರ ಹೆಸರು ಮಾತ್ರ. ಇಬ್ಬರ ಹೆಸರು ಹಾಕಿದರೆ ಅವರು ಮಾಡುತ್ತಾರೆಂದು ಇವರು, ಇವರು ಮಾಡುತ್ತಾರೆಂದು ಅವರು ಸುಮ್ಮನಿರುತ್ತಾರೆ. ಸಹಾಯಕ್ಕೆ ಎಷ್ಟು ಜನ ಬೇಕಾದರೂ ಇರಲಿ, ಹೊಣೆ ಒಬ್ಬರದು.

ಬೋರ್ಡಿನಲ್ಲಿ ನಮ್ಮ ಕ್ರಿಸ್‌ಮಸ್ ಕೆಲಸಗಳಿಗಿರುವ ಕಾರ್ಡುಗಳಲ್ಲಿ ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಹೆಸರು “ಕ್ಯಾರಲ್ ತಂಡದ ಮನೆ ಸುತ್ತಾಟ”. ಹೊಣೆ ಯುವಜನ ಕೂಟದ ಮುಖಂಡನದು. ಒಳಗಿನ ಚೆಕ್‌ಲಿಸ್ಟ್ ಹೀಗಿದೆ: ಬರಬೇಕೆಂದು ಕೇಳಿದ ಮನೆಗಳ ಪಟ್ಟಿಯನ್ನು ಡಿಸೆಂಬರ್ ಮೊದಲ ಭಾನುವಾರ ಪಡೆಯುವುದು, ವಿನೋಬನಗರ, ನಿಟುವಳ್ಳಿ, ಹರಿಹರ ರಸ್ತೆ ಎಂದು ದಿನ ಹಂಚುವುದು, ಹಾಡಿನ ಹಾಳೆ ಜೆರಾಕ್ಸ್ ಮಾಡಿಸುವುದು, ಟೆಂಪೋ ಹೇಳುವುದು, ಧ್ವನಿವರ್ಧಕ ಬಳಸುವುದಾದರೆ ಲಿಖಿತ ಅನುಮತಿಗೆ ಅರ್ಜಿ ಕೊಡುವುದು, ಚಿಕ್ಕ ಹುಡುಗಿಯರನ್ನು ಮನೆ ತಲುಪಿಸುವವರು ಯಾರೆಂದು ಹೆಸರು ಬರೆಯುವುದು. ಅನುಮತಿಯ ಸಾಲು ಸುಮ್ಮನೆ ಸೇರಿಸಿದ್ದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಹಬ್ಬ ಮುಗಿದ ಮೇಲೆ ಕಾರ್ಡನ್ನು ಅಳಿಸಬೇಡಿ. ನಕಲು ಮಾಡಿ “ಮುಂದಿನ ವರ್ಷ” ಎಂದು ಇಟ್ಟರೆ, ಈ ಸಲ ಜೆರಾಕ್ಸ್ ಎಷ್ಟು ಕಡಿಮೆ ಬಿತ್ತು ಎಂಬುದೂ ಅಲ್ಲಿಯೇ ಇರುತ್ತದೆ.

ನಮ್ಮ ಹಿರಿಯರೊಬ್ಬರು ಮೊದಲ ದಿನವೇ ಹೇಳಿದರು, “ನೋಡಮ್ಮಾ, ನನಗೆ ಮೊಬೈಲಿನ ಅಕ್ಷರ ಕಾಣುವುದಿಲ್ಲ. ನನ್ನನ್ನು ಬಿಟ್ಟುಬಿಡಿ.” ಬಿಡಲಿಲ್ಲ. ಮೂವತ್ತು ವರ್ಷದಿಂದ ಯಾರ ಮನೆಯಲ್ಲಿ ಯಾವ ನೋವಿದೆ ಎಂದು ಬಲ್ಲವರು ಅವರು. ಪ್ರತಿ ಭಾನುವಾರ ಬೆಳಿಗ್ಗೆ ಅವರ ಪಾಲಿನ ಕೆಲಸಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡುತ್ತೇನೆ. ಮುಂದಿನ ಭಾನುವಾರ ಅವರು ಪೆನ್ನಿನಿಂದ ಗೆರೆ ಎಳೆದು ವಾಪಸು ಕೊಡುತ್ತಾರೆ, ನಾನು ಬೋರ್ಡಿನಲ್ಲಿ ಸರಿಸುತ್ತೇನೆ. ಗೆರೆಯ ಪಕ್ಕ ಅವರು ಬರೆಯುವ ಸಣ್ಣ ಟಿಪ್ಪಣಿಗಳು, “ಮಗ ಕೆಲಸ ಬಿಟ್ಟಿದ್ದಾನೆ, ಹೇಳಿಕೊಳ್ಳುತ್ತಿಲ್ಲ” ಎಂಬಂಥವು, ಬೋರ್ಡಿನಲ್ಲಿರುವ ಎಲ್ಲಕ್ಕಿಂತ ಬೆಲೆಯುಳ್ಳವು.

ಹಂತ 8: ಬರೆಯಬಾರದ್ದು

ಆ ಟಿಪ್ಪಣಿ ಬೋರ್ಡಿಗೆ ಹೋಗುವುದಿಲ್ಲ. ಅಯ್ಯನವರ ಕಿವಿಗೆ ಮಾತ್ರ.

ಗಂಡ ಹೆಂಡಿರ ಜಗಳ, ಸಾಲ, ಕುಡಿತ, ಕಾಯಿಲೆಯ ಹೆಸರು, ಹೆಣ್ಣುಮಕ್ಕಳ ಸಂಗತಿ, ಅಯ್ಯನವರ ಬಳಿ ಒಬ್ಬರೇ ಕುಳಿತು ಹೇಳಿಕೊಂಡದ್ದು ಇವು ಯಾವ ಆ್ಯಪ್‌ನಲ್ಲಿಯೂ ಇರಬಾರದು. ಪಟ್ಟಿಯಲ್ಲಿ “ನಿ. 14ನೆಯ ಮನೆ, ಅಯ್ಯನವರು ಭೇಟಿ, ಶುಕ್ರವಾರ” ಎಂದಿದ್ದರೆ ಸಾಕು. ಮೊಬೈಲ್ ಮಕ್ಕಳ ಕೈಗೆ ಹೋಗುತ್ತದೆ, ರಿಪೇರಿ ಅಂಗಡಿಗೆ ಹೋಗುತ್ತದೆ, ಬಸ್ಸಿನಲ್ಲಿ ಪಕ್ಕದವರು ಇಣುಕುತ್ತಾರೆ. ನಮ್ಮಂಥ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಆ ಮನೆಯ ಹುಡುಗಿಯ ಸಂಬಂಧ ಮುರಿಯಬಹುದು.

ಪ್ರಾರ್ಥನಾ ವಿನಂತಿಗಳ ವಿಷಯದಲ್ಲಿ ನಾವು ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾಡುತ್ತೇವೆ. “ಇಂಥವರಿಗೆ ಇಂಥ ಕಾಯಿಲೆ, ಪ್ರಾರ್ಥಿಸಿ” ಎಂದು ನೂರೈವತ್ತು ಜನರ ಗುಂಪಿಗೆ ಹಾಕಿಬಿಡುತ್ತೇವೆ. ಹಾಕುವ ಮುನ್ನ ಒಂದು ಫೋನ್ ಮಾಡಿ, “ಹೆಸರು ಹಾಕಲೇ, ಏನೆಂದು ಹಾಕಲಿ?” ಎಂದು ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಸಮ್ಮತಿಯೇ. ಕಾಯ್ದೆ ಇಲ್ಲದಿದ್ದರೂ ಕೇಳಬೇಕಾದದ್ದು ನಮ್ಮ ಧರ್ಮ.

ಭೇಟಿಯ ಹಾಳೆಯನ್ನು “ಲಿಂಕ್ ಇರುವ ಯಾರಾದರೂ ನೋಡಬಹುದು” ಎಂಬ ಸ್ಥಿತಿಯಲ್ಲಿ ಎಂದೂ ಇಡಬೇಡಿ. ಹೆಸರು ಹಿಡಿದು ಮೂವರಿಗೋ ನಾಲ್ವರಿಗೋ ಹಂಚಿ. ಕಮಿಟಿ ಬದಲಾದ ದಿನವೇ ಹಳೆಯವರ ಪ್ರವೇಶವನ್ನು ತೆಗೆಯಿರಿ. ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳದಂತೆ, ಪ್ರತಿ ಕಮಿಟಿಯ ಮೊದಲ ಸಭೆಯಲ್ಲಿಯೇ ಇದು ನಿಯಮವೆಂದು ಹೇಳಿಬಿಡಿ.

ಹಂತ 9: ವಾರಕ್ಕೊಮ್ಮೆ ಅರ್ಧ ಗಂಟೆ

ನಾನು ಸೋಮವಾರ ಸಂಜೆ ಆರೂವರೆಗೆ ಕೂರುತ್ತೇನೆ. ಭಾನುವಾರ ಬಂದದ್ದೆಲ್ಲ ಇನ್ನೂ ಹಸಿಯಾಗಿರುತ್ತದೆ. ಮೊದಲು “ಬಂದದ್ದು” ಸಾಲನ್ನು ಖಾಲಿ ಮಾಡುತ್ತೇನೆ, ಆಮೇಲೆ “ಕಾಯುತ್ತಿರುವುದು” ಓದುತ್ತೇನೆ, ಕೊನೆಗೆ ಭೇಟಿಯ ಹಾಳೆ ವಿಂಗಡಿಸಿ ಮೇಲಿನ ಮೂರು ಮನೆಗಳನ್ನು ಈ ವಾರಕ್ಕೆ ತರುತ್ತೇನೆ. ಎರಡು ತಿಂಗಳಿಂದ ಕದಲದ ಸಾಲು ಇದ್ದರೆ ಅದನ್ನು ಅಳಿಸುತ್ತೇನೆ ಅಥವಾ ಅಯ್ಯನವರ ಮುಂದೆ ಇಟ್ಟು “ಇದು ನಮ್ಮಿಂದ ಆಗುವ ಕೆಲಸವೇ?” ಎಂದು ಕೇಳುತ್ತೇನೆ. ಆಗದ ಕೆಲಸವನ್ನು ಆಗದು ಎಂದು ಕೇಳಿದವರಿಗೆ ತಿಳಿಸುವುದೂ ಪಟ್ಟಿಯ ಒಂದು ಸಾಲೇ.

ವಾರದಲ್ಲಿ ಒಂದು ಸಂಜೆಯನ್ನು ಕ್ಯಾಲೆಂಡರ್‌ನಲ್ಲಿ “ಮನೆ” ಎಂದು ಬರೆದಿಡಿ. ಸಭಾಪಾಲಕರ ಕುಟುಂಬಕ್ಕಂತೂ ಇದು ಬೇಕೇ ಬೇಕು. ನಮ್ಮಲ್ಲಿ ಹಾಗೆ ಬರೆದ ಮೇಲೆ ಅಯ್ಯನವರ ಪತ್ನಿ, ನಮ್ಮ ಅಮ್ಮನವರು, ನನ್ನ ಕೈ ಹಿಡಿದುಕೊಂಡು ಏನೂ ಹೇಳದೆ ನಕ್ಕಿದ್ದರು.

ಹಂತ 10: ತೀರಿಕೊಂಡವರ ಸಾಲು

ನಿಟುವಳ್ಳಿಯ ಅಜ್ಜಿಯ ಹೆಸರಿನಲ್ಲಿ ಗೂಗಲ್ ಟಾಸ್ಕ್ಸ್‌ನಲ್ಲಿ ಪ್ರತಿ ಗುರುವಾರ ಸಂಜೆ ಐದಕ್ಕೆ ಮರುಕಳಿಸುವ ಸಾಲು ಇಟ್ಟಿದ್ದೆ. ಎರಡು ವರ್ಷ, ಊರಲ್ಲಿ ಇದ್ದಾಗಲೆಲ್ಲ ಹೋದೆ. ಕೀರ್ತನೆ ಓದುತ್ತಿದ್ದೆವು, ಅವರು ಮಂಡಕ್ಕಿ ಒಗ್ಗರಣೆ ಮಾಡಿಸಿಟ್ಟಿರುತ್ತಿದ್ದರು. ಒಂದು ಮಂಗಳವಾರ ತೀರಿಕೊಂಡರು. ಬುಧವಾರ ಮಣ್ಣಾಯಿತು. ಗುರುವಾರ ಸಂಜೆ ಐದಕ್ಕೆ ಮೊಬೈಲ್ ಸದ್ದು ಮಾಡಿ ಅವರ ಹೆಸರನ್ನು ತೋರಿಸಿತು.

ಆದ್ದರಿಂದ ಇದನ್ನೂ ಒಂದು ಹಂತವಾಗಿಯೇ ಬರೆಯುತ್ತಿದ್ದೇನೆ. ಸಾವಿನ ಸುದ್ದಿ ಬಂದ ದಿನವೇ ಅವರ ಮರುಕಳಿಸುವ ಸಾಲುಗಳನ್ನು ನಿಲ್ಲಿಸಿ, ಹುಟ್ಟುಹಬ್ಬದ ಶುಭಾಶಯದ ಪಟ್ಟಿಯಿಂದ ಹೆಸರು ತೆಗೆಯಿರಿ. ಟ್ರೆಲೊದಲ್ಲಿ ಕಾರ್ಡ್ ಇದ್ದರೆ ಅದನ್ನು “ಮುಗಿಯಿತು” ಸಾಲಿಗೆ ಸರಿಸದೆ ಆರ್ಕೈವ್ ಮಾಡಿ. ನಂತರ ಅದೇ ಕೈಯಲ್ಲಿ ಮನೆಯವರ ಹೆಸರಿನಲ್ಲಿ ಮೂರು ಹೊಸ ಸಾಲು ಬರೆಯಿರಿ: ಒಂದು ವಾರಕ್ಕೆ, ಒಂದು ತಿಂಗಳಿಗೆ, ಒಂದು ವರ್ಷಕ್ಕೆ. ಮಣ್ಣಿಗೆ ಬಂದ ಜನವೆಲ್ಲ ಎರಡನೆಯ ವಾರದಲ್ಲಿ ಇರುವುದಿಲ್ಲ, ಆಗಲೇ ಮನೆ ಬಿಕೋ ಎನ್ನುವುದು. ಅಜ್ಜಿಯ ಮಗಳ ಮನೆಗೆ ತಿಂಗಳ ಸಾಲು ತೋರಿಸಿದ ಸಂಜೆ ಹೋದೆ. ಚಾಪೆ ಹಾಸಿದರು, ನೀರು ತಂದು ಕೊಟ್ಟರು, “ಇವತ್ತು ಗುರುವಾರ ಅಲ್ಲವೇ ಅಕ್ಕಾ” ಎಂದರು.